ಬಿಟ್ಟ ತೆರಿಗೆ, ಹಿಂದಿರುಗುವ ತೆರಿಗೆ: ಮೈಸೂರಿನ ಕಂದಾಯ ಚರಿತ್ರೆಯಿಂದ ಒಂದು ವಿಚಾರ

2025ರ ದಸರಾ ರಜೆಯಲ್ಲಿ ಮೈಸೂರಿನಲ್ಲಿಯೇ ಇರುವ ನನ್ನ ಸೋದರಮಾವನವರ ಮನೆಗೆ ಹೋಗಿದ್ದೆನು. ಅವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಗಣಿತವನ್ನು ಕಲಿಸಿ ನಿವೃತ್ತರಾದವರು. ಲೆಕ್ಕದಲ್ಲಿ ಒಂದು ಕಾಸಿನ ವ್ಯತ್ಯಾಸವನ್ನೂ ಸಹಿಸತಕ್ಕವರಲ್ಲ. ಬ್ಯಾಂಕೊಂದರಲ್ಲಿ ಅವರಿಟ್ಟಿದ್ದ ಠೇವಣಿಯ ಬಡ್ಡಿಯಲ್ಲಿ ನೂರಕ್ಕೆ ಹತ್ತರಂತೆ 6,840 ರೂಪಾಯಿಗಳನ್ನು ತೆರಿಗೆಯೆಂದು ಮುರಿದುಕೊಳ್ಳಲಾಗಿತ್ತು. ಹಾಗೆ ಮುರಿಯಬೇಡಿರೆಂದು ಮುಂಚಿತವಾಗಿ ಬರೆದುಕೊಡಬೇಕಾದ ಅರ್ಜಿಯನ್ನು ಕೊಡಲು ಅವರು ಮರೆತಿದ್ದರು. ವರ್ಷದ ಆದಾಯವನ್ನೆಲ್ಲ ಕೂಡಿಸಿ ನೋಡಿದರೆ ಅವರು ಸರ್ಕಾರಕ್ಕೆ ಕೊಡಬೇಕಾದುದು ಏನೂ ಇರಲಿಲ್ಲ. ಜುಲೈ ತಿಂಗಳಲ್ಲಿಯೇ ವಿವರಪಟ್ಟಿಯನ್ನು ಸಲ್ಲಿಸಿದ್ದರು. ಹಣ ಬಂದಿರಲಿಲ್ಲ. ಊಟವಾದ ಮೇಲೆ ಎಲೆಯಡಿಕೆಯ ತಟ್ಟೆಯನ್ನು ಮುಂದಕ್ಕೆ ತಳ್ಳಿ ಅವರು ಕೇಳಿದರು: "ನೀನು ಚರಿತ್ರೆ ಓದಿದವನು. ಪೂರ್ಣಯ್ಯನವರ ಕಾಲದಲ್ಲಿ ಹೆಚ್ಚಾಗಿ ಕೊಟ್ಟ ಕಂದಾಯ ಹಿಂದಕ್ಕೆ ಬರುತ್ತಿತ್ತೇನಪ್ಪ? ಬರುತ್ತಿದ್ದರೆ ಎಷ್ಟು ದಿನಕ್ಕೆ ಬರುತ್ತಿತ್ತು?"

ಪ್ರಶ್ನೆ ಸರಳವಾಗಿ ತೋರಿದರೂ ಉತ್ತರ ಸರಳವಾದುದಲ್ಲ. ನಮ್ಮ ಕಂದಾಯ ಚರಿತ್ರೆಯನ್ನು ಕುರಿತು ಬರೆಯುವಾಗ ನಾವು ಮೂರು ಮಾತುಗಳನ್ನು ಒಂದೇ ಅರ್ಥದಲ್ಲಿ ಬಳಸಿಬಿಡುತ್ತೇವೆ: ವಜಾ, ಮಾಫಿ, ಮರುಪಾವತಿ. ವಜಾ ಎಂದರೆ ಬರಬೇಕಾದ ಮೊಬಲಗಿನಲ್ಲಿ ಒಂದು ಭಾಗವನ್ನು ಕಳೆದು ಮಿಕ್ಕುದನ್ನು ವಸೂಲು ಮಾಡುವುದು. ಮಾಫಿ ಎಂದರೆ ಬರಬೇಕಾದುದನ್ನು ಬೇಡವೆಂದು ಬಿಡುವುದು. ಇವೆರಡರಲ್ಲಿಯೂ ಹಣವು ಇನ್ನೂ ರೈತನ ಕೈಯಲ್ಲಿಯೇ ಇದೆ. ಸರ್ಕಾರದ ಕೈ ಅದರ ಮೇಲೆ ಬಿದ್ದಿಲ್ಲ. ಮರುಪಾವತಿಯಾದರೋ ಬೇರೆ. ಅಲ್ಲಿ ಹಣವು ಒಮ್ಮೆ ಖಜಾನೆಯನ್ನು ಹೊಕ್ಕಿದೆ, ಜಮೆಯಾಗಿದೆ. ಅದನ್ನು ಹೊರಕ್ಕೆ ತೆಗೆದು ಕೊಟ್ಟವನಿಗೇ ತಲುಪಿಸಬೇಕಾಗಿದೆ. ಮೊದಲಿನ ಎರಡು ದಯೆಯ ಕಾರ್ಯಗಳು, ಮೂರನೆಯದು ಋಣ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಮೈಸೂರಿನ ಹಳೆಯ ಆಡಳಿತವು ವಜಾ ಮಾಫಿಗಳಲ್ಲಿ ನುರಿತಿದ್ದಿತೇ ಹೊರತು ಮರುಪಾವತಿಯನ್ನು ತನ್ನ ಕರ್ತವ್ಯವೆಂದು ಎಣಿಸಿರಲಿಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಶಾಸನಗಳಿಂದಲೇ ಪ್ರಾರಂಭಿಸಬಹುದು. ಕರ್ನಾಟಕದ ದಾನಶಾಸನಗಳಲ್ಲಿ ಸುಂಕ, ತೆರೆ, ಬಿಟ್ಟಿ ಮೊದಲಾದುವನ್ನು 'ಬಿಟ್ಟ' ಸಂಗತಿಗಳು ಹೇರಳವಾಗಿ ದೊರೆಯುತ್ತವೆ. ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, ಅಳಿಯ ರಾಮರಾಯನ ಕ್ಷೌರಿಕನಾದ ಕೊಂಡೋಜನ ಮೂಲಕವಾಗಿ ನಾವಿದರ ಮೇಲಿನ ತೆರಿಗೆಗಳನ್ನು ಬಿಟ್ಟುಕೊಟ್ಟ ವಿಷಯವನ್ನು ಹಲವು ಶಾಸನಗಳು ಸಾರುತ್ತವೆ. ಅರಸನ ಗಲ್ಲಕ್ಕೆ ಕತ್ತಿ ಹಿಡಿದವನ ಮಾತಿಗೆ ಬೆಲೆ ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ. ಇಲ್ಲಿ ಗಮನಿಸತಕ್ಕದ್ದೆಂದರೆ, ಈ ಶಾಸನಗಳ ಭಾಷೆಯೆಲ್ಲವೂ ಇನ್ನು ಮುಂದಣ ಕಾಲವನ್ನು ಕುರಿತದ್ದು. ಆಚಂದ್ರಾರ್ಕವಾಗಿ ಬಿಟ್ಟುದು ಬಿಟ್ಟಿತು. ನಿನ್ನೆಯವರೆಗೆ ಕೊಟ್ಟುದರ ಮಾತು ಅಲ್ಲಿ ಏಳುವುದೇ ಇಲ್ಲ.

ಮೈಸೂರು ಅರಸರ ಖಜಾನೆಯ ಸ್ವಭಾವವನ್ನು ತಿಳಿಸುವ ಒಂದು ಐತಿಹ್ಯವನ್ನು ವಿಲ್ಕ್ಸನು ತನ್ನ ಇತಿಹಾಸದಲ್ಲಿ ದಾಖಲಿಸಿದ್ದಾನೆ. ಚಿಕ್ಕದೇವರಾಜ ಒಡೆಯರು ಪ್ರತಿದಿನವೂ ಸಾವಿರ ವರಹಗಳ ಎರಡು ಚೀಲಗಳನ್ನು ಖಜಾನೆಗೆ ಸೇರಿಸದ ಹೊರತು ಉಪಾಹಾರವನ್ನು ಮುಟ್ಟುತ್ತಿರಲಿಲ್ಲವಂತೆ. 'ನವಕೋಟಿ ನಾರಾಯಣ' ಎಂಬ ಬಿರುದಿಗೆ ಇಂಥ ಕಥೆಗಳೇ ಆಧಾರ. ಕಥೆ ಅಕ್ಷರಶಃ ನಿಜವೋ ಅಲ್ಲವೋ, ಅಂದಿನ ಜನರು ಖಜಾನೆಯನ್ನು ಹೇಗೆ ಭಾವಿಸಿದ್ದರೆಂಬುದನ್ನು ಅದು ಸರಿಯಾಗಿ ತೋರಿಸುತ್ತದೆ. ಖಜಾನೆಗೆ ಒಳಬಾಗಿಲು ಒಂದೇ. ಹೊರಕ್ಕೆ ಹೋಗುವ ಹಣವೆಲ್ಲ ಸೈನ್ಯಕ್ಕೆ, ಸಂಬಳಕ್ಕೆ, ದೇವತಾಕಾರ್ಯಕ್ಕೆ. ಕೊಟ್ಟವನ ಹೆಸರು ಹಿಡಿದು ಹೋಗುವ ಹಣ ಯಾವುದೂ ಇಲ್ಲ.

ಹೆಸರು ಹಿಡಿದು ಹೋಗಲು ಸಾಧ್ಯವೂ ಇರಲಿಲ್ಲವೆಂಬುದನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ರೈತನು ಪಟೇಲನಿಗೆ ಕೊಟ್ಟ ನಾಣ್ಯ ಯಾವುದು? ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಿಂದ ಬಂದ ಕಂಠೀರಾಯಿ ಹಣ ಒಂದು. ಹೈದರನ ವರಹ, ಟಿಪ್ಪುವಿನ ವರಹ, ಮದರಾಸಿನ ಕಡೆಯ ನಾಣ್ಯ, ಸವೆದುದು, ಅಂಚು ಕತ್ತರಿಸಿದುದು, ಹೀಗೆ ನಾನಾ ಬಗೆ. ಲೆಕ್ಕವನ್ನು ಇಡುತ್ತಿದ್ದುದು ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹವೆಂಬ ಎಣಿಕೆಯಲ್ಲಿ. ಆ ವರಹವಾದರೋ ಲೆಕ್ಕದ ಪುಸ್ತಕದಲ್ಲಿ ಇದ್ದಿತೇ ಹೊರತು ಕೈಯಲ್ಲಿ ಚಲಾವಣೆಯಲ್ಲಿ ಇರಲಿಲ್ಲ. ಆದುದರಿಂದ ರೈತನು ತಂದ ಪ್ರತಿಯೊಂದು ನಾಣ್ಯವನ್ನೂ ಶರಾಫನು ಉಜ್ಜಿ, ತೂಗಿ, ಬಟ್ಟಾ ಕಳೆದು ಬೆಲೆ ಕಟ್ಟುತ್ತಿದ್ದನು. ಗ್ರಾಮದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಹುಜೂರಿಗೆ ಹೋಗುವ ದಾರಿಯಲ್ಲಿ ಹತ್ತು ಹಳ್ಳಿಗಳ ಹಣ ಒಂದೇ ಚೀಲದಲ್ಲಿ ಬೆರೆಯುತ್ತಿತ್ತು. ಹುಜೂರಿನ ಲೆಕ್ಕಕ್ಕೆ ತಾಲ್ಲೂಕಿನ ಅಮಲ್ದಾರನು ಗೊತ್ತು, ಗ್ರಾಮದ ಮೊಬಲಗು ಗೊತ್ತು. ಇಂಥ ಹೊಲದ ಇಂಥ ರೈತನು ಗೊತ್ತಿಲ್ಲ. ಅವನ ಹೆಸರು ಶಾನುಭೋಗನ ಕಡತದಲ್ಲಿ ಮಾತ್ರ. ಇದ್ದಿಲು ಮತ್ತು ಹುಣಿಸೆಬೀಜದ ಸರಿಯನ್ನು ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಒರಸಿ ಮತ್ತೆ ಬರೆಯಬಹುದಾದ ಪುಸ್ತಕದಲ್ಲಿ ಋಣವನ್ನು ಬರೆದಿಟ್ಟವನ ಗತಿಯನ್ನು ಊಹಿಸಿಕೊಳ್ಳಬಹುದು. ಇಂದಿಗೂ ಸರ್ಕಾರಿ ಕಚೇರಿಯ ಫೈಲಿಗೆ ಕನ್ನಡದಲ್ಲಿ ಕಡತವೆಂದೇ ಹೆಸರಿರುವುದು ಭಾಷೆಯ ಚಮತ್ಕಾರವೋ, ಅನುಭವದ ಸಾರವೋ, ವಾಚಕರೇ ಹೇಳಬೇಕು.

ಇನ್ನು ಪೂರ್ಣಯ್ಯನವರ ಕಾಲ. 1799ರ ಜುಲೈ 8ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನವು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಎಂದರೆ 24½ ಲಕ್ಷ ರೂಪಾಯಿಗಳ ಪೊಗದಿಯನ್ನು ಹನ್ನೆರಡು ಸಮನಾದ ಮಾಸಿಕ ಕಂತುಗಳಲ್ಲಿ ಕೊಡಬೇಕಾಯಿತು. ಹನ್ನೆರಡು ಸಮನಾದ ಕಂತುಗಳು ಎಂಬ ಮಾತಿನಲ್ಲಿ ಎಷ್ಟು ಕಷ್ಟ ಅಡಗಿದೆಯೆಂಬುದನ್ನು ಚರಿತ್ರಕಾರರು ಸಾಲದಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ. ಭೂಮಿಯು ಹನ್ನೆರಡು ಸಮನಾದ ಕಂತುಗಳಲ್ಲಿ ಫಲ ಕೊಡುವುದಿಲ್ಲ. ರಾಗಿ ಕೊಯ್ಲಾಗುವುದು ಕಾರ್ತಿಕ ಮಾರ್ಗಶಿರಗಳಲ್ಲಿ. ಭತ್ತ ಕಣಕ್ಕೆ ಬರುವುದು ಪುಷ್ಯದ ಹೊತ್ತಿಗೆ. ಆಷಾಢದಲ್ಲಿ ಕಂಪನಿಗೆ ಕಂತು ಕಟ್ಟಬೇಕಾದರೆ ಸರ್ಕಾರವು ಒಂದೋ ಕೂಡಿಟ್ಟ ಹಣದಿಂದ ಕೊಡಬೇಕು, ಇಲ್ಲವೆ ಸಾಹುಕಾರರಿಂದ ಕಡ ತರಬೇಕು, ಇಲ್ಲವೆ ರೈತನಿಂದ ಮುಂಗಡವಾಗಿ ಕೀಳಬೇಕು. ಪೂರ್ಣಯ್ಯನವರು ಮೊದಲನೆಯ ದಾರಿಯನ್ನು ಹಿಡಿದರು. ಅವರು 1811ರಲ್ಲಿ ಅಧಿಕಾರವನ್ನು ಬಿಟ್ಟಾಗ ಖಜಾನೆಯಲ್ಲಿ ಸುಮಾರು 2 ಕೋಟಿ ರೂಪಾಯಿ ಇದ್ದಿತೆಂದು ಹೇಳುತ್ತಾರೆ. ಆ ಸಂಗ್ರಹವನ್ನು ಲೋಭವೆಂದು ನಿಂದಿಸಿದವರೂ ಉಂಟು. ಒಪ್ಪಂದದ ಇನ್ನೊಂದು ವಿಧಿಯನ್ನು ಓದಿದವರು ಹಾಗೆ ನಿಂದಿಸಲಾರರು: ಪೊಗದಿಗೆ ಕುಂದು ಬರುವ ಭಯವುಂಟಾದರೆ ಸಂಸ್ಥಾನದ ಆಡಳಿತವನ್ನೇ ಕಂಪನಿಯು ಕೈಗೆ ತೆಗೆದುಕೊಳ್ಳಬಹುದೆಂದು ಅಲ್ಲಿ ಬರೆದಿದ್ದಿತು. ತಡವಾದರೆ ಬಡ್ಡಿಯಲ್ಲ, ರಾಜ್ಯ. ಇಂಥ ಕತ್ತಿಯ ಕೆಳಗೆ ಕುಳಿತ ಖಜಾನೆಯು ಬಂದ ಹಣವನ್ನು ಹಿಂದಿರುಗಿಸುವ ವಿಷಯವನ್ನು ಆಲೋಚಿಸುವುದೆಂತು?

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶರ್ತಿ ಪದ್ಧತಿಯು ಇದನ್ನು ಇನ್ನೂ ಬಿಗಿ ಮಾಡಿತು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಷ್ಟು ಹಣವನ್ನು ಒಪ್ಪಿಸುವೆನೆಂದು ಶರತ್ತು ಬರೆದುಕೊಡುತ್ತಿದ್ದನು; ಕಡಿಮೆಯಾದರೆ ಅವನೇ ತುಂಬಿಕೊಡಬೇಕು. ಮಳೆ ಹೋದ ವರ್ಷ ವಜಾ ಕೊಟ್ಟರೆ ಅದು ಅಮಲ್ದಾರನ ಮನೆಯ ಪಾತ್ರೆಪಡಗಕ್ಕೆ ಬರುತ್ತಿತ್ತು. ಹೀಗಾಗಿ ದಯೆಗೂ ಅವಕಾಶವಿಲ್ಲದೆ ಹೋಯಿತು. 1830ರಲ್ಲಿ ನಗರ ಪ್ರಾಂತದಲ್ಲಿ ಎದ್ದ ದಂಗೆಗೆ ಕಾರಣಗಳು ಅನೇಕ. ಅವುಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಹಿಂದಿನ ಅಧಿಕಾರಿಗಳ ಕಾಲದಲ್ಲಿ ದೊರೆತಿದ್ದ ವಜಾಗಳಲ್ಲಿ ಮೋಸವಿದೆಯೆಂದು ಹೊಸ ಫೌಜದಾರರು ಲೆಕ್ಕಗಳನ್ನು ತಿರುಗಿ ಪರೀಕ್ಷಿಸಿ, ಬಿಟ್ಟುದನ್ನು ಮತ್ತೆ ಬಾಕಿಯೆಂದು ಬರೆಯತೊಡಗಿದರು. ವಜಾಗಳಲ್ಲಿ ಕೆಲವು ಮೋಸದವಾಗಿದ್ದಿರಬಹುದು. ಆದರೆ ಒಮ್ಮೆ ಮನ್ನಾ ಆಯಿತೆಂದು ತಿಳಿದು ಮನೆಗೆ ಹೋದ ರೈತನಿಗೆ ಎರಡು ವರ್ಷದ ಮೇಲೆ ಅದೇ ಬಾಕಿ ಬಾಗಿಲಿಗೆ ಬಂದು ನಿಂತರೆ ಅವನು ಸರ್ಕಾರದ ಯಾವ ಮಾತನ್ನೂ ನಂಬಲಾರನು. 1831ರಲ್ಲಿ ಆಂಗ್ಲರು ಆಡಳಿತವನ್ನು ವಹಿಸಿಕೊಂಡುದು ಇದರ ಬೆನ್ನಿಗೇ.

ಕಬ್ಬನ್ನರು 1834ರಿಂದ 1861ರವರೆಗೆ ಕಮಿಷನರಾಗಿದ್ದರು. ಅವರು ಕಿತ್ತುಹಾಕಿದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆ 769 ಎಂದು ಗೆಜೆಟಿಯರಿನಲ್ಲಿ ರೈಸರು ಬರೆದಿದ್ದಾರೆ. ಸಂಖ್ಯೆ ಬೆರಗುಗೊಳಿಸುವಂಥದಾದರೂ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದುವು ಎರಡು ಮೌನವಾದ ಸುಧಾರಣೆಗಳು. ಲೆಕ್ಕವನ್ನು ಕಂಠೀರಾಯಿ ವರಹದಿಂದ ಕಂಪನಿಯ ರೂಪಾಯಿಗೆ ತಿರುಗಿಸಿದರು. ಕಿಸ್ತುಗಳನ್ನು ಕೊಯ್ಲಿನ ಕಾಲಕ್ಕೆ ಹೊಂದಿಸಿದರು. ಪೈರು ಕಣಕ್ಕೆ ಬರುವ ಮೊದಲೇ ಸಾಲ ಮಾಡಿ ಕಂದಾಯ ಕಟ್ಟಬೇಕಾದ ಕಷ್ಟ ರೈತನಿಗೆ ಎಷ್ಟೋ ಮಟ್ಟಿಗೆ ತಪ್ಪಿತು. ಕೊಡಬೇಕಾದವನ ಕೈಗೆ ಹಣ ಬಂದ ಮೇಲೆ ಕೇಳುವುದು ಎಂಬ ಈ ತತ್ತ್ವವನ್ನು ಇಪ್ಪತ್ತನೆಯ ಶತಮಾನದ ಆದಾಯ ತೆರಿಗೆಯು ತಲೆಕೆಳಗು ಮಾಡಿದುದನ್ನು ಮುಂದೆ ನೋಡುವೆವು.

ಮೈಸೂರಿನ ಚರಿತ್ರೆಯಲ್ಲಿ ನನಗೆ ಕಂಡಂತೆ ಅತಿ ದೀರ್ಘವಾದ ಮರುಪಾವತಿಯ ನಿರೀಕ್ಷೆಯು ಯಾವ ರೈತನದೂ ಅಲ್ಲ, ಸಂಸ್ಥಾನದ್ದೇ. 1876ರಿಂದ 78ರವರೆಗಿನ ಮಹಾ ಕ್ಷಾಮದಲ್ಲಿ ಮೈಸೂರು ನಾಶದ ಅಂಚನ್ನು ಮುಟ್ಟಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಕೂಡಿಟ್ಟಿದ್ದ ಹಣವೆಲ್ಲ ಕರಗಿ, ಮೇಲೆ ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲವಾಯಿತು. ಈ ಸ್ಥಿತಿಯಲ್ಲಿ 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಹಿಂದಿರುಗಿತು. ಜನರು ಸಂತೋಷದಿಂದ ದೀಪ ಹಚ್ಚಿದರು. ಕರಾರಿನಲ್ಲಿ ಮಾತ್ರ ಪೊಗದಿಯು 24½ ಲಕ್ಷದಿಂದ 35 ಲಕ್ಷಕ್ಕೆ ಏರಿದ್ದಿತು. ಸಂಸ್ಥಾನದ ಒಟ್ಟು ಹುಟ್ಟುವಳಿಯೇ ಸುಮಾರು ಒಂದು ಕೋಟಿ ಇದ್ದ ಕಾಲದಲ್ಲಿ, ಮೂರರಲ್ಲಿ ಒಂದು ಪಾಲನ್ನು ಹೊರಕ್ಕೆ ಕಳುಹಿಸಬೇಕೆಂದು ಇದರ ಅರ್ಥ.

ಕ್ಷಾಮದ ಸಾಲವನ್ನು ನೋಡಿ ಹೆಚ್ಚಿನ 10½ ಲಕ್ಷವನ್ನು ಐದು ವರ್ಷಗಳ ಕಾಲ ಕೇಳದೆ ಇರಲು ಒಪ್ಪಲಾಯಿತು. ರಂಗಾಚಾರ್ಲು ಅವರ ತರುವಾಯ ದಿವಾನರಾದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ಈ ಅವಧಿಯನ್ನು ಇನ್ನೂ ಹತ್ತು ವರ್ಷ ವಿಸ್ತರಿಸಲಾಯಿತು. 1896ಕ್ಕೆ ಅದೂ ಮುಗಿಯಿತು. ಅಲ್ಲಿಂದ ಮುಂದೆ ಮೈಸೂರು ಪೂರ್ತಿ 35 ಲಕ್ಷವನ್ನು ಕಟ್ಟಿತು. 1913ರ ನವೆಂಬರ್ 26ರಂದು ಹಳೆಯ ಕರಾರಿನ ಸ್ಥಾನದಲ್ಲಿ ಗೌರವಯುತವಾದ ಹೊಸ ಒಡಂಬಡಿಕೆ ಬಂದಿತು; ಗೌರವವು ಹೆಚ್ಚಿತು, ಪೊಗದಿಯು ತಗ್ಗಲಿಲ್ಲ. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ, 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತಮಹೋತ್ಸವದ ವರ್ಷ ಮೈಸೂರಿಗೆ ಬಂದ ವೈಸ್‌ರಾಯ್ ಇರ್ವಿನ್ ಪ್ರಭುಗಳು ಆ 10½ ಲಕ್ಷವನ್ನು 1928-29ರಿಂದ ಬಿಟ್ಟುಬಿಡುವುದಾಗಿ ಪ್ರಕಟಿಸಿದರು.

ಇದು ಮೈಸೂರಿನ ಜಯವೆಂದು ಸಾಮಾನ್ಯವಾಗಿ ವರ್ಣಿತವಾಗಿದೆ. ಜಯವೇ ಸರಿ. ಆದರೆ ಯಾವ ಬಗೆಯ ಜಯ? ಪೊಗದಿಯ ಹೆಚ್ಚಳವು ನ್ಯಾಯವಲ್ಲವೆಂದು 1927ರಲ್ಲಿ ಒಪ್ಪಿಕೊಂಡ ಮೇಲೆ, 1896ರಿಂದ ಸಂದ ಹಣದ ಗತಿಯೇನು? 1896-97ರಿಂದ 1927-28ರವರೆಗೆ ಮೂವತ್ತೆರಡು ವರ್ಷ. ವರ್ಷಕ್ಕೆ 10½ ಲಕ್ಷದಂತೆ ಬಡ್ಡಿಯನ್ನು ಹಿಡಿಯದೆಯೇ ಗುಣಿಸಿದರೆ 3 ಕೋಟಿ 36 ಲಕ್ಷ ರೂಪಾಯಿ. ಕನ್ನಂಬಾಡಿಯ ಕಟ್ಟೆಗೆ ವಿಶ್ವೇಶ್ವರಯ್ಯನವರು ಎರಡು ಹಂತಗಳನ್ನೂ ಸೇರಿಸಿ ಮೊದಲು ಹಾಕಿದ್ದ ಅಂದಾಜು 253 ಲಕ್ಷ. ಕಟ್ಟೆಯ ಖರ್ಚಿಗೆ ಹಣವೆಲ್ಲಿಯದೆಂದು ಅಂದು ಎಷ್ಟು ಚರ್ಚೆ ನಡೆಯಿತೆಂಬುದನ್ನು ಬಲ್ಲವರಿಗೆ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ನೋವಿನ ಸಂಗತಿ. ಸಂದುದು ಹಿಂದಿರುಗಲಿಲ್ಲ. ಇರ್ವಿನ್ನರು ಕೊಟ್ಟದ್ದು ಮಾಫಿ, ಮರುಪಾವತಿಯಲ್ಲ. ಸದಾಶಿವರಾಯನ ಶಾಸನದಲ್ಲಿ ನಾವಿದರಿಗೆ ದೊರೆತ ಅನುಗ್ರಹವೂ, ವೈಸ್‌ರಾಯರ ಔತಣದ ಭಾಷಣದಲ್ಲಿ ಮೈಸೂರಿಗೆ ದೊರೆತ ಅನುಗ್ರಹವೂ ಒಂದೇ ಜಾತಿಯವು. ನಮ್ಮ ಪಠ್ಯಪುಸ್ತಕಗಳಲ್ಲಿ ಪೊಗದಿಯ ಹಣವು 'ಹಿಂದಿರುಗಿತು' ಎಂಬಂಥ ಮಾತು ಬಂದರೆ ಅದನ್ನು ತಿದ್ದಬೇಕು.

ಹಾಗಾದರೆ ಮರುಪಾವತಿಯೆಂಬುದು ಎಲ್ಲಿಂದ ಬಂದಿತು? ಆದಾಯ ತೆರಿಗೆಯಿಂದ. 1857ರ ದಂಗೆಯ ವೆಚ್ಚವನ್ನು ತುಂಬಲು 1860ರಲ್ಲಿ ಜೇಮ್ಸ್ ವಿಲ್ಸನ್ ಬ್ರಿಟಿಷ್ ಇಂಡಿಯಾದಲ್ಲಿ ಇದನ್ನು ತಂದನು. ಅದು ಹೋಗಿ ಬಂದು, 1886ರ ಕಾಯಿದೆಯಿಂದ ನೆಲೆ ನಿಂತಿತು. ಮೈಸೂರು ಸಂಸ್ಥಾನಕ್ಕೆ 1923ರಲ್ಲಿ ತನ್ನದೇ ಆದ ಆದಾಯ ತೆರಿಗೆ ಕಾಯಿದೆ ಆಯಿತು. 1950ರ ಏಪ್ರಿಲ್ 1ರಿಂದ ಭಾರತದ 1922ರ ಕಾಯಿದೆಯೇ ಇಲ್ಲಿಗೂ ಅನ್ವಯವಾಯಿತು. ಭೂಕಂದಾಯಕ್ಕೂ ಇದಕ್ಕೂ ಇರುವ ಮೂಲಭೂತವಾದ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಹೊಲವು ಕಣ್ಣಿಗೆ ಕಾಣುತ್ತದೆ. ಅದರ ಮೇಲಣ ಕಂದಾಯವನ್ನು ಸರ್ವೆಯವರು ಮೂವತ್ತು ವರ್ಷಕ್ಕೊಮ್ಮೆ ಗೊತ್ತುಮಾಡಿ ಹೋಗುತ್ತಾರೆ. ಎಷ್ಟು ಕೊಡಬೇಕೆಂಬುದು ಕೊಡುವ ಮೊದಲೇ ತಿಳಿದಿದೆ. ಆದುದರಿಂದ ಹೆಚ್ಚಾಗಿ ಕೊಡುವ ಸಂಭವವೇ ಕಡಿಮೆ. ಆದಾಯವಾದರೋ ವರ್ಷ ಮುಗಿದ ಹೊರತು ಗೊತ್ತಾಗುವುದಿಲ್ಲ. ಸರ್ಕಾರವಾದರೋ ವರ್ಷ ಮುಗಿಯುವವರೆಗೆ ಕಾಯಲೊಲ್ಲದು. ಆದಕಾರಣ ಸಂಬಳ ಬಡ್ಡಿಗಳಲ್ಲಿ ಮೂಲದಲ್ಲಿಯೇ ಮುರಿದುಕೊಳ್ಳುವ ಪದ್ಧತಿಯೂ, ಯುದ್ಧಕಾಲದಲ್ಲಿ, 1944ರಲ್ಲಿ, ಮುಂಗಡವಾಗಿ ತೆರಿಗೆ ಕಟ್ಟಿಸಿಕೊಳ್ಳುವ ವಿಧಿಯೂ ಬಂದವು. ಕಬ್ಬನ್ನರ ಕಿಸ್ತಿನ ತತ್ತ್ವಕ್ಕೆ ಇದು ತೀರ ವಿರುದ್ಧ. ಊಹೆಯಿಂದ ಮೊದಲು ತೆಗೆದುಕೊಂಡು ಲೆಕ್ಕವನ್ನು ಆಮೇಲೆ ಮಾಡುವುದಾದರೆ, ಊಹೆ ತಪ್ಪಿದಾಗ ಹಿಂದಿರುಗಿಸುವ ಬಾಧ್ಯತೆಯನ್ನು ಹೊರಲೇಬೇಕು. ಮರುಪಾವತಿಯು ಸರ್ಕಾರದ ದಯೆ ಬೆಳೆದುದರ ಫಲವಲ್ಲ. ಅದರ ಆತುರ ಬೆಳೆದುದರ ಫಲ.

ಆತುರಕ್ಕೆ ಬಾಡಿಗೆಯನ್ನು ಕೊಡಬೇಕೆಂಬ ವಿವೇಕ ನಿಧಾನವಾಗಿ ಬಂದಿತು. 1961ರ ಕಾಯಿದೆಯು ಮರುಪಾವತಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿತು. 1989ರ ಏಪ್ರಿಲ್ 1ರಿಂದ ಅದಕ್ಕೆ ಸೇರಿದ 244ಎ ಪ್ರಕರಣದ ಮೂಲಕ ಬಡ್ಡಿಯು ತೆರಿಗೆದಾರನ ಹಕ್ಕಾಗಿ ಸ್ಥಿರಪಟ್ಟಿತು. ದರವು ಹಲವು ಬಾರಿ ಇಳಿದು, 2003ರಲ್ಲಿ ತಿಂಗಳಿಗೆ ನೂರಕ್ಕೆ ಅರ್ಧಕ್ಕೆ ಬಂದು ನಿಂತಿತು. ತೆರಿಗೆದಾರನು ತಡಮಾಡಿದರೆ ಅವನು ಕೊಡಬೇಕಾದುದು ಅದೇ ಕಾಯಿದೆಯಲ್ಲಿ ತಿಂಗಳಿಗೆ ನೂರಕ್ಕೆ ಒಂದು. ಒಂದೇ ಹಣಕ್ಕೆ, ಒಂದೇ ತಿಂಗಳಿಗೆ, ಪ್ರಜೆಯ ತಡಕ್ಕೆ ಒಂದು ಬೆಲೆ, ಸರ್ಕಾರದ ತಡಕ್ಕೆ ಅದರ ಅರ್ಧ ಬೆಲೆ. ಇದಕ್ಕೆ ಹೇಳುವ ಸಮರ್ಥನೆಗಳನ್ನು ನಾನು ಓದಿದ್ದೇನೆ. ಒಂದೂ ನನಗೆ ಒಪ್ಪಿಗೆಯಾಗಿಲ್ಲ. 2006ರಲ್ಲಿ ಸ್ಯಾಂಡ್‌ವಿಕ್ ಏಷ್ಯಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಲ್ಲಬೇಕಾದ ಬಡ್ಡಿಯನ್ನೇ ವರ್ಷಗಟ್ಟಲೆ ತಡೆಹಿಡಿದಿದ್ದಕ್ಕಾಗಿ ಇಲಾಖೆಯು ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. 2013ರಲ್ಲಿ ಅದೇ ನ್ಯಾಯಾಲಯವು ಗುಜರಾತ್ ಫ್ಲೋರೋ ಕೆಮಿಕಲ್ಸ್ ಮೊಕದ್ದಮೆಯಲ್ಲಿ, ಆ ಪರಿಹಾರವು ಆ ಸಂದರ್ಭಕ್ಕೆ ಮಾತ್ರವೆಂದೂ, ಸಾಮಾನ್ಯವಾಗಿ ಕಾಯಿದೆ ಹೇಳಿದ ಬಡ್ಡಿಯೇ ಮಿತಿಯೆಂದೂ ಸ್ಪಷ್ಟಪಡಿಸಿತು. 1961ರ ಕಾಯಿದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಹೊಸ ಕಾಯಿದೆಯೊಂದು 2025ರಲ್ಲಿ ಅಂಗೀಕೃತವಾಗಿದೆ. ಅದರ ವಿಚಾರ ಈ ಲೇಖನದ ವ್ಯಾಪ್ತಿಗೆ ಹೊರತು.

ಹಣವು ಬರುವ ದಾರಿಯನ್ನು ಕುರಿತು ಎರಡು ಮಾತು ಹೇಳಿ ಮುಗಿಸುತ್ತೇನೆ. ಆಜ್ಞೆಯಾಗುವುದು ಬೇರೆ, ಹಣ ಕೈಸೇರುವುದು ಬೇರೆ ಎಂಬುದು ಶರಾಫನ ಕಾಲದಲ್ಲಿ ಎಷ್ಟು ನಿಜವೋ ಅನಂತರವೂ ಅಷ್ಟೇ ನಿಜ. ಮೊದಲು ಆದಾಯ ತೆರಿಗೆಯ ಅಧಿಕಾರಿಯು ಸಹಿ ಮಾಡಿದ ರೀಫಂಡ್ ವೋಚರು ಟಪಾಲಿನಲ್ಲಿ ಬರುತ್ತಿತ್ತು. ಬ್ಯಾಂಕಿನವರು ಸಹಿಯನ್ನು ಮಾದರಿಗೆ ಹೋಲಿಸಿ ನೋಡಿ ಹಣ ಕೊಡುತ್ತಿದ್ದರು. 2007ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾವನ್ನು ಮರುಪಾವತಿಯ ಬ್ಯಾಂಕಾಗಿ ಗೊತ್ತುಮಾಡುವ ಪದ್ಧತಿ ಪ್ರಾರಂಭವಾಯಿತು. 2009ರಲ್ಲಿ ಮಂಜೂರಾದ ಕೇಂದ್ರೀಯ ಪರಿಷ್ಕರಣ ಕೇಂದ್ರವು ಬೆಂಗಳೂರಿನಲ್ಲಿ ನೆಲೆಗೊಂಡು, ದೇಶದ ಎಲ್ಲ ಮೂಲೆಗಳ ವಿವರಪಟ್ಟಿಗಳೂ ಅಲ್ಲಿಗೆ ಹರಿದುಬರತೊಡಗಿದವು. ಹುಜೂರಿಗೆ ಅಮಲ್ದಾರನ ಹೆಸರು ಮಾತ್ರ ತಿಳಿದಿದ್ದಿತೆಂದು ಮೇಲೆ ಹೇಳಿದೆನಷ್ಟೆ. ಈ ಹೊಸ ಹುಜೂರಿಗೆ ಪ್ರತಿಯೊಬ್ಬ ರೈತನೂ, ಎಂದರೆ ಪ್ರತಿಯೊಬ್ಬ ತೆರಿಗೆದಾರನೂ, ಒಂದು ಸಂಖ್ಯೆಯಿಂದ ಗೊತ್ತು. ಇದು ಸಾಮಾನ್ಯವಾದ ಬದಲಾವಣೆಯಲ್ಲ. ಮರುಪಾವತಿಯು ಮೊದಲ ಬಾರಿಗೆ ವ್ಯವಸ್ಥೆಯ ದೃಷ್ಟಿಯಿಂದ ಸುಲಭಸಾಧ್ಯವಾದುದು ಇಲ್ಲಿಯೇ.

ಆದರೂ ತಡವಾಗುವುದು ಏಕೆ? ವಿವರಪಟ್ಟಿಯನ್ನು ಸಲ್ಲಿಸಿದರೆ ಸಾಲದು, ಅದು ತನ್ನದೇ ಎಂದು ಸಲ್ಲಿಸಿದವನು ದೃಢಪಡಿಸಬೇಕು. 2022ರ ಆಗಸ್ಟ್‌ನಿಂದ ಅದಕ್ಕೆ ಮೂವತ್ತು ದಿನಗಳ ಗಡುವು. ಮುರಿದುಕೊಂಡವರು ತಮ್ಮ ಲೆಕ್ಕವನ್ನು ಒಪ್ಪಿಸಿರಬೇಕು. ಆ ಲೆಕ್ಕಕ್ಕೂ ವಿವರಪಟ್ಟಿಗೂ ತಾಳೆಯಾಗಬೇಕು. ಹಳೆಯ ಬಾಕಿಯಿದ್ದರೆ ಮರುಪಾವತಿಯನ್ನು ಅದಕ್ಕೆ ವಜಾ ಹಾಕಿಕೊಳ್ಳಲು ಕಾಯಿದೆಯಲ್ಲಿ ಅವಕಾಶವಿದೆ. ವಜಾ ಎಂಬ ಮಾತು ಹೀಗೆ ತಿರುಗಿ ಬಂದು ರೈತನ ಕೈಯಿಂದ ಸರ್ಕಾರದ ಕೈಗೆ ಸೇರಿಕೊಂಡಿದೆ. ಕಡೆಯದಾಗಿ, 2019ರ ಮಾರ್ಚ್ 1ರಿಂದ ಹಣವು ವಿದ್ಯುನ್ಮಾನದ ಮೂಲಕ ಮಾತ್ರ, ಮೊದಲೇ ಪ್ರಮಾಣೀಕರಿಸಿದ ಬ್ಯಾಂಕ್ ಖಾತೆಗೆ ಮಾತ್ರ ಬರತಕ್ಕದ್ದು. ಈ ಪ್ರಮಾಣೀಕರಣದಲ್ಲಿ ನಮ್ಮ ಸೀಮೆಯವರಿಗೆ ಎರಡು ವಿಶೇಷವಾದ ಕಂಟಕಗಳುಂಟು. ಒಂದು ಬ್ಯಾಂಕುಗಳ ವಿಲೀನ. 1913ರಲ್ಲಿ ಮೈಸೂರು ಬ್ಯಾಂಕೆಂದು ಹುಟ್ಟಿ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಆದ ಸಂಸ್ಥೆಯು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಡನೆ ಸೇರಿದವು. ಶಾಖೆ ಅದೇ ಬೀದಿಯಲ್ಲಿದ್ದರೂ ಅದರ ಸಂಕೇತಸಂಖ್ಯೆ ಬದಲಾಯಿತು. ಹಳೆಯ ಸಂಖ್ಯೆಯನ್ನು ಬರೆದವರ ಹಣ ವಿಳಾಸ ತಪ್ಪಿದ ಕಾಗದದಂತಾಯಿತು. ಇನ್ನೊಂದು ನಮ್ಮ ಹೆಸರುಗಳು. ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಂಬ ಕ್ರಮದಲ್ಲಿ ಎರಡು ಮೊದಲಕ್ಷರಗಳನ್ನು ಇಟ್ಟುಕೊಂಡು ಜೀವಮಾನವನ್ನು ಕಳೆದವರು ನಾವು. ತೆರಿಗೆಯ ಚೀಟಿಯಲ್ಲಿ ಆ ಅಕ್ಷರಗಳು ಬಿಡಿಸಿಕೊಂಡು ಊರು ಮನೆತನದ ಹೆಸರಾಗಿ ನಿಲ್ಲುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ಬರಿಯ ಅಕ್ಷರಗಳೇ ಇರುತ್ತವೆ. ಯಂತ್ರವು ಇವರಿಬ್ಬರೂ ಬೇರೆ ಎನ್ನುತ್ತದೆ. ಕಂಠೀರಾಯಿ ಹಣವನ್ನು ಉಜ್ಜಿ ನೋಡುತ್ತಿದ್ದ ಶರಾಫನ ಸ್ಥಾನದಲ್ಲಿ ಈಗ ಹೆಸರನ್ನು ಉಜ್ಜಿ ನೋಡುವ ಶರಾಫನು ಕುಳಿತಿದ್ದಾನೆ.

ನಮ್ಮ ಮಾವನವರ ವಿಷಯದಲ್ಲಿ ಆಗಿದ್ದುದೂ ಇದೇ. ಅವರ ಖಾತೆಯು ಎರಡು ಅಕ್ಷರಗಳ ದೆಸೆಯಿಂದ ಪ್ರಮಾಣೀಕೃತವಾಗಿರಲಿಲ್ಲ. ಅಕ್ಟೋಬರಿನಲ್ಲಿ ಬ್ಯಾಂಕಿಗೆ ಎರಡು ಸಲ ಅಲೆದು ಹೆಸರನ್ನು ಸರಿಪಡಿಸಿಕೊಂಡರು. ನವೆಂಬರಿನಲ್ಲಿ ಹಣ ಬಂದಿತು: 7,112 ರೂಪಾಯಿ. ಅಸಲಿನ 6,840ಕ್ಕೆ ಏಪ್ರಿಲ್ ಮೊದಲ್ಗೊಂಡು ಎಂಟು ತಿಂಗಳ ಬಡ್ಡಿ 272. ಅವರು ಸಂಜೆ ದೂರವಾಣಿಯಲ್ಲಿ ನನ್ನನ್ನು ಕರೆದು, ತಾವು ಗುಣಿಸಿದಾಗ ಬಡ್ಡಿಯು ಒಂದು ರೂಪಾಯಿ ಅರವತ್ತು ಪೈಸೆ ಹೆಚ್ಚಾಗಿ ಬರುತ್ತದೆಂದು ಆಕ್ಷೇಪಿಸಿದರು. ನೂರಕ್ಕಿಂತ ಕಡಿಮೆಯಾದ ಚಿಲ್ಲರೆಯನ್ನು ಬಿಟ್ಟು ಬಡ್ಡಿ ಹಾಕುವುದೆಂದು ನಿಯಮವಿದೆ, ಆ ನಲವತ್ತು ರೂಪಾಯಿಗೆ ಬಡ್ಡಿಯಿಲ್ಲವೆಂದು ತಿಳಿಸಿದೆನು. "ಹಾಗೋ, ಅದು ಮಾಫಿ ಅನ್ನು" ಎಂದರು. ಬಂದ 272ನ್ನು ಮುಂದಿನ ವಿವರಪಟ್ಟಿಯಲ್ಲಿ ಆದಾಯವೆಂದು ತೋರಿಸಬೇಕಲ್ಲವೇ ಎಂದು ಕೇಳಿ, ಹೌದೆಂದ ಮೇಲೆ ಬರೆದಿಟ್ಟುಕೊಂಡರು.